ಅರಿಶಿನ ಕಾಣದ ಗರಿ

"ಮುಟ್ಟಬೇಡಿ ಮೇಡಂ. ಕಣ್ಣಿಗೆ ಏನು ಕಾಣುತ್ತೋ ಅಷ್ಟು ಹೇಳಿ ಸಾಕು."

ಸೊರಬ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಿದ್ಧಲಿಂಗೇಶ್ ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದರು. ಬಿಳಿ ಹಾಳೆಯ ಮೇಲೆ ಬಾಣ ಮಲಗಿತ್ತು. ನಿನ್ನೆ ಬೆಳಗ್ಗೆ ಉಳವಿಯ ಗೋಮಾಳದಲ್ಲಿ ವಿಘ್ನೇಶ್ವರ ಅವರ ಬೆನ್ನಿಗೆ ನಾಟಿದ ಬಾಣ. ಶಿವಮೊಗ್ಗದ ಡಾಕ್ಟರು ಅದನ್ನು ತೆಗೆದು ಕಳಿಸಿದ್ದರು. ವಿಘ್ನೇಶ್ವರ ಮಾತ್ರ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಗಂಗಾಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಶಿಕಾರಿಪುರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಎಷ್ಟೋ ಮಕ್ಕಳನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದವಳು ಈಗ ತಾನೇ ಹಾಗೆ ನಿಂತಿದ್ದಳು. ಗೋಡೆಯ ಆಚೆ ಬೆಂಚಿನ ಮೇಲೆ ಅವಳ ತಮ್ಮ ಮಹಾಂತೇಶ್ ತಲೆ ತಗ್ಗಿಸಿ ಕೂತಿದ್ದ. ಸಂಜೆಯೊಳಗೆ ಅವನ ಅರೆಸ್ಟು ಬರೆದು ನಾಳೆ ಕೋರ್ಟಿಗೆ ಕರೆದೊಯ್ಯುವ ಮಾತು ನಡೆದಿತ್ತು.

ಬಾಣದ ಹಿಂಬದಿಯಲ್ಲಿ ಸುತ್ತ ಬರೆದ ಎರಡು ಕೆಂಪು ಬಳೆ, ನಡುವೆ ಒಂದು ಹಳದಿ ಬಳೆ. ಅದು ಮಹಾಂತೇಶನ ಗುರುತು. ಗಂಗಾಶ್ರೀ ಭಾನುವಾರಗಳಂದು ಮನೆಯ ಪಡಸಾಲೆಯಲ್ಲಿ ಹೊಸಬರಿಗೆ ಬಾಣಕ್ಕೆ ಗರಿ ಕೂರಿಸುವುದನ್ನು ಕಲಿಸುತ್ತಿದ್ದಳು. ಬಿದಿರ ಕಡ್ಡಿ, ಟರ್ಕಿ ಕೋಳಿಯ ಗರಿ, ಗಮ್ಮು, ನೂಲು, ಇಷ್ಟೇ ಸಾಮಾನು. ಒಬ್ಬೊಬ್ಬರೂ ತಮ್ಮ ಬಾಣಕ್ಕೆ ತಮ್ಮದೇ ಬಣ್ಣದ ಬಳೆ ಬರೆಯಬೇಕು, ನಿನ್ನದು ನನ್ನದು ಎಂಬ ಜಗಳ ಬೇಡ ಎಂದು ಕಟ್ಟಳೆ ಮಾಡಿದವಳೂ ಅವಳೇ. ಆ ಕಟ್ಟಳೆ ತಮ್ಮನ ಕೊರಳಿಗೇ ಸುತ್ತಿಕೊಂಡೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಸಿದ್ಧಲಿಂಗೇಶರ ಲೆಕ್ಕ ಸರಳವಾಗಿತ್ತು. ವಿಘ್ನೇಶ್ವರ ಗುಡವಿ ಪಕ್ಷಿಧಾಮದ ಹಕ್ಕಿಗಳನ್ನು ಮನೆಮಕ್ಕಳಂತೆ ಕಾಯುವ ಮನುಷ್ಯ. ಶಿಕಾರಿಪುರದ ಬಾಣದವರು ಅಲ್ಲಿಂದ ಗರಿ ಆಯುತ್ತಾರೆಂದು ಅರಣ್ಯ ಇಲಾಖೆಗೆ ದೂರು ಕೊಟ್ಟಿದ್ದರು. ನಿನ್ನೆ ಗೋಮಾಳದಲ್ಲಿ ಬಿಲ್ಲಿನ ಅಭ್ಯಾಸದ ನಡುವೆ ಬಂದು ಎಲ್ಲರೆದುರು ಕೂಗಾಡಿ, ರಸ್ತೆಯ ಕಡೆ ಹೊರಟರು. ಸಮಾಧಾನ ಮಾಡಿ ಬರುತ್ತೇನೆಂದು ಮಹಾಂತೇಶ್ ಬಿಲ್ಲು ಹೆಗಲಲ್ಲಿರುವಂತೆಯೇ ಅವರ ಹಿಂದೆ ಹೋದ. ಗಂಗಾಶ್ರೀ ಮತ್ತು ಉಳಿದವರು ಮರದ ನೆರಳಲ್ಲಿ ತಿಂಡಿಯ ಡಬ್ಬಿ ಬಿಚ್ಚುತ್ತಿದ್ದರು. ಒಂದು ಕೂಗು ಕೇಳಿತು. ತಿರುಗಿ ನೋಡಿದರೆ ವಿಘ್ನೇಶ್ವರ ಬೋರಲು ಬಿದ್ದಿದ್ದರು. ಅವರ ಹಿಂದೆ, ಸ್ವಲ್ಪ ದೂರದಲ್ಲಿ, ಮಹಾಂತೇಶ್ ಮರಗಟ್ಟಿ ನಿಂತಿದ್ದ. ಅವನಿಗೂ ಹಿಂದೆ ಇದ್ದದ್ದು ಲಂಟಾನದ ಪೊದೆ ಮಾತ್ರ.

"ಬಾಣ ಅವನದು, ಬಿಲ್ಲು ಅವನ ಹತ್ರ, ಬೆನ್ನ ಹಿಂದೆ ಇದ್ದೋನೂ ಅವನೇ," ಎಂದರು ಸಿದ್ಧಲಿಂಗೇಶ್. "ಕಿವಿ ಪಕ್ಕ ಏನೋ ಸುಯ್ಯಂತ ಹೋಯ್ತು ಅಂತಾನೆ. ಬಾಣ ಬಿಟ್ರೆ ಸುಯ್ ಅನ್ನದೆ ಮಂತ್ರ ಹೇಳುತ್ತೇನ್ರೀ?"

ಗಂಗಾಶ್ರೀ ಮೇಜಿನ ಹತ್ತಿರ ಬಂದಳು. ಬಗ್ಗಿ, ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಹೋಗಿ, ಗರಿಗಳನ್ನು ನೋಡಿದಳು. ಮೂರೂ ಬಿಳಿ ಗರಿ. ಒಂದರ ಬುಡ ನೋಡಿದಳು. ಇನ್ನೊಂದರ ಬುಡ ನೋಡಿದಳು. ಮೂರನೆಯದರ ಬುಡವನ್ನು ಎರಡು ಸಲ ನೋಡಿದಳು.

"ಸರ್, ಈ ಗರಿ ನಮ್ಮ ಮನೇದಲ್ಲ."

ಗರಿಗೆ ಯಾವ ಮನೆ ಎಂಬಂತೆ ಅವರು ಹುಬ್ಬೇರಿಸಿದರು. ಅವಳು ತನ್ನ ತಾಯಿ ಹಾಲಮ್ಮನ ವಿಷಯ ಹೇಳಬೇಕಾಯಿತು. ಲಿಂಗ ಕಟ್ಟಿದ ಮನೆಯ ಹೊಸ್ತಿಲೊಳಗೆ ಕೋಳಿ ಪುಕ್ಕವೇ ಎಂದು ಹಾಲಮ್ಮ ಮೊದಲು ಊಟ ಬಿಟ್ಟು ಕೂತಿದ್ದಳು. ಕೊನೆಗೆ ಅಮ್ಮನಿಗೂ ಮಗಳಿಗೂ ಒಂದು ರಾಜಿಯಾಯಿತು. ಹೊರಗಿಂದ ಬಂದ ಪ್ರತಿಯೊಂದು ಗರಿಯೂ ಹಿತ್ತಲಲ್ಲಿ ಅರಿಶಿನದ ನೀರಲ್ಲಿ ಮುಳುಗಿ, ಬಿಸಿಲಲ್ಲಿ ಒಣಗಿದ ಮೇಲೆಯೇ ಪಡಸಾಲೆಗೆ ಬರಬೇಕು. ಕಲಿಯಲು ಬಂದವರು ನಗುತ್ತಿದ್ದರು. ಗರಿಯ ಮೈ ತೊಳೆದರೆ ಬಿಳುಪಾಗುತ್ತದೆ. ಒಳಗೆ ಪೊಳ್ಳಾದ ದಂಟಿನಲ್ಲಿ ಮಾತ್ರ ಆ ಹಳದಿ ನಿಂತುಬಿಡುತ್ತದೆ.

ಸಿದ್ಧಲಿಂಗೇಶ್ ಭೂತಗನ್ನಡಿ ಹಿಡಿದು ನೋಡಿದರು. ಎರಡು ದಂಟಿನಲ್ಲಿ ತಿಳಿ ಹಳದಿ ಇತ್ತು. ಮೂರನೆಯದು ಸುಣ್ಣದ ಹಾಗೆ ಬೆಳ್ಳಗಿತ್ತು.

"ಅಮ್ಮನ ಕಣ್ಣು ತಪ್ಪಿಸಿ ನಿಮ್ಮ ತಮ್ಮನೇ ಅಂಟಿಸಿರಬಹುದಲ್ಲ?"

"ನಮ್ಮವ್ವನ ಕಣ್ಣು ತಪ್ಪಿಸಿ ಆ ಮನೆಗೆ ಪುಕ್ಕ ಬಂದಿಲ್ಲ ಸರ್, ಬರೋದೂ ಇಲ್ಲ."

ಅವರ ಮೀಸೆಯಡಿ ನಗು ಸುಳಿದು ಹೋಯಿತು. ಅವರ ಮನೆಯಲ್ಲೂ ಅಂಥ ಒಬ್ಬ ತಾಯಿ ಇದ್ದಿರಬೇಕು. ಆ ನಗುವಿನ ಧೈರ್ಯದ ಮೇಲೆ ಗಂಗಾಶ್ರೀ ಎರಡನೆಯ ಸುಳಿವನ್ನೂ ತೋರಿಸಿದಳು. ಹಳದಿ ದಂಟಿನ ಎರಡು ಗರಿಗಳೂ ಬಲಕ್ಕೆ ಬಾಗಿದ್ದವು. ಬೆಳ್ಳಗಿನದು ಎಡಕ್ಕೆ ಬಾಗಿತ್ತು. ಹಕ್ಕಿಯ ಬಲ ರೆಕ್ಕೆಯ ಗರಿ ಒಂದು ಕಡೆ ವಾಲುತ್ತದೆ, ಎಡ ರೆಕ್ಕೆಯದು ಇನ್ನೊಂದು ಕಡೆ. ಒಂದು ಬಾಣಕ್ಕೆ ಮೂರೂ ಒಂದೇ ರೆಕ್ಕೆಯವು ಇರಬೇಕು. ಇದು ಎರಡನೇ ಭಾನುವಾರದ ಪಾಠ. ಮೊದಲ ಭಾನುವಾರ ಬರೀ ಕಡ್ಡಿ ಹದ ಮಾಡುವುದು, ಗರಿ ಕತ್ತರಿಸುವುದು, ಅಂಟಿಸುವುದು. ಮೊದಲ ದಿನ ಕಲಿತು ಎರಡನೇ ದಿನ ತಪ್ಪಿಸಿಕೊಂಡವರು ಮಾಡುವ ತಪ್ಪು ಇದೊಂದೇ. ಮಹಾಂತೇಶ್ ಇಂಥ ತಪ್ಪು ಮಾಡುವುದೆಂದರೆ ಹಾಲಮ್ಮ ಅಕ್ಕಿ ತೊಳೆಯದೆ ಅನ್ನಕ್ಕಿಟ್ಟ ಹಾಗೆ.

"ಹಾಗಾದ್ರೆ ಎರಡನೇ ಕ್ಲಾಸಿಗೆ ಬರದೇ ಇದ್ದೋರು ಯಾರು?"

ಗಂಗಾಶ್ರೀ ಬೆಂಚಿದ್ದ ಗೋಡೆಯ ಕಡೆ ತಿರುಗಿದಳು. ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತ್ತು. ಹೇಳದಿದ್ದರೆ ತಮ್ಮ ಜೈಲಿಗೆ. ಹೇಳಿದರೆ ಆಸ್ಪತ್ರೆಯಲ್ಲಿ ಮಲಗಿದ ಮನುಷ್ಯನ ಮನೆಗೇ ಬೆಂಕಿ.

"ಅರ್ಚಿತಾ," ಎಂದಳು. "ವಿಘ್ನೇಶ್ವರ ಅವರ ಮಗಳು."

*

ಮುಚ್ಚಳಿಕೆ ಬರೆಸಿಕೊಂಡು, ಕರೆದಾಗ ಬರಬೇಕೆಂಬ ಷರತ್ತಿನ ಮೇಲೆ ಮಹಾಂತೇಶನನ್ನು ಬಿಡಲು ಸಿದ್ಧಲಿಂಗೇಶ್ ಒಪ್ಪಿದರು. ಅರ್ಚಿತಾಳ ಹತ್ತಿರ ಮೊದಲು ತಾನು ಮಾತಾಡುತ್ತೇನೆಂದು ಗಂಗಾಶ್ರೀ ಬೇಡಿಕೊಂಡಳು. ಅಪ್ಪ ಸಾವು ಬದುಕಿನ ನಡುವೆ ಇರುವಾಗ ಆ ಹುಡುಗಿಯ ಮನೆಮುಂದೆ ಪೊಲೀಸ್ ಜೀಪು ನಿಂತರೆ ಊರ ಬಾಯಿ ಮುಚ್ಚಿಸುವವರು ಯಾರು? ಕತ್ತಲಾಗುವ ಮುಂಚೆ ಫೋನ್ ಮಾಡಬೇಕು, ಇಲ್ಲದಿದ್ದರೆ ಜೀಪು ಬಂದೇ ಬರುತ್ತದೆ ಎಂದು ಅವರು ಎಚ್ಚರಿಸಿದರು.

ಜಾಮೀನಿಗೆ ಸಹಿ ಹಾಕಿದವನು ಮಲ್ಲಿಕಾರ್ಜುನ್. ಶಿರಾಳಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಮಹಾಂತೇಶನ ಬಾಲ್ಯದ ಗೆಳೆಯ. ಬೆಳಗಿನಿಂದ ಠಾಣೆಯ ಬಾಗಿಲಲ್ಲೇ ನಿಂತು ಗಂಗಾಶ್ರೀಗೆ ಟೀ ತಂದುಕೊಟ್ಟವನು ಅವನು. ನಿನ್ನೆ ನೀರಿನ ಕ್ಯಾನ್ ತುಂಬಿಸಲು ಹೋದವನು ಕೂಗು ಕೇಳಿ ಓಡಿಬಂದು, ವಿಘ್ನೇಶ್ವರರನ್ನು ತನ್ನ ವ್ಯಾನಿಗೆ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದವನೂ ಅವನೇ. ಅವನಿಲ್ಲದಿದ್ದರೆ ಅಲ್ಲೇ ಪ್ರಾಣ ಹೋಗುತ್ತಿತ್ತು ಎಂದು ಉಳವಿಯವರೆಲ್ಲ ಹೇಳುತ್ತಿದ್ದರು.

ಹೊರಗೆ ಬಂದ ಮಹಾಂತೇಶ್ ಅಕ್ಕನ ಭುಜಕ್ಕೆ ಹಣೆಯಿಟ್ಟು ನಿಂತ. ಇಷ್ಟು ದೊಡ್ಡ ಆಳು ಹೀಗೆ ನಿಂತದ್ದು ಅಪ್ಪ ತೀರಿಕೊಂಡ ದಿನವೇ ಕೊನೆ. ಗಂಗಾಶ್ರೀ ಅವನ ಬೆನ್ನು ಸವರುತ್ತ, ಯಾವುದರಿಂದ ಬಿಡುಗಡೆಯಾಯಿತೆಂದು ಹೇಳಿದಳು. ಅರಿಶಿನ ಕಾಣದ ಗರಿಯ ಕಥೆ, ಎಡ ರೆಕ್ಕೆ ಬಲ ರೆಕ್ಕೆಯ ಕಥೆ, ಎಲ್ಲವನ್ನೂ ಹೇಳಿದಳು. ಸಂತೋಷದಲ್ಲಿ ದನಿ ತುಸು ಏರಿತ್ತು. ಮಲ್ಲಿಕಾರ್ಜುನ್ ವ್ಯಾನಿನ ಬಾಗಿಲು ಹಿಡಿದು ನಿಂತು ತಲೆದೂಗುತ್ತ ಕೇಳಿದ.

"ಅಕ್ಕ, ನಿಂಗೊಂದು ಮಾತು ಹೇಳಬೇಕು," ಎಂದ ಮಹಾಂತೇಶ್ ಮೆಲ್ಲಗೆ. ಅವನ ಕಣ್ಣು ಒಮ್ಮೆ ವ್ಯಾನಿನ ಕಡೆ ಹೋಗಿ ಬಂತು. "ಈಗ ಬ್ಯಾಡ. ಮನೆಗೆ ಬಾ."

ಅವಳಿಗೆ ಆಗ ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ಉಳವಿಯ ಬಸ್ಸು ಹೊರಡುವ ಹೊತ್ತಾಗಿತ್ತು. ಗಂಗಕ್ಕ, ಉಳವಿಗೆ ನಾನೇ ಬಿಟ್ಟು ಬರ್ತೀನಿ ಎಂದು ಮಲ್ಲಿಕಾರ್ಜುನ್ ಒತ್ತಾಯ ಮಾಡಿದ. ಬೇಡವೆಂದಳು. ಅವಳ ಬಿಲ್ಲು, ಅವಳೇ ಕಟ್ಟಿದ ಬಾಣಗಳ ಕಟ್ಟು, ಎರಡೂ ವ್ಯಾನಿನ ಹಿಂದಿನ ಸೀಟಿನಲ್ಲಿದ್ದವು. ಅವನ್ನು ಬಸ್ಸಿನಲ್ಲಿ ಹೊತ್ತೊಯ್ಯುವುದು ಯಾಕೆಂದು ಅಲ್ಲೇ ಬಿಟ್ಟು, ಹೊಸಬರ ಸಾಮಾನಿನ ಚೀಲ ಮಾತ್ರ ಹೆಗಲಿಗೆ ಹಾಕಿಕೊಂಡಳು.

"ಮೊದಲು ಇವನನ್ನ ಮನೆ ಮುಟ್ಟಿಸು ಮಲ್ಲಿ. ಅವ್ವ ನಿನ್ನೆಯಿಂದ ಏನೂ ತಿಂದಿಲ್ಲ."

"ನೀ ಹೇಳ್ಬೇಕಾ ಅಕ್ಕ? ನನ್ನ ಜವಾಬ್ದಾರಿ."

ವ್ಯಾನು ಹೊರಟಾಗ ಮಹಾಂತೇಶ್ ಕಿಟಕಿಯಿಂದ ಕೈ ಬೀಸಿದ. ನಿನ್ನೆಯಿಂದ ಮೊದಲ ಬಾರಿಗೆ ಗಂಗಾಶ್ರೀ ಎದೆ ತುಂಬ ಉಸಿರೆಳೆದುಕೊಂಡಳು.

*

ಅರ್ಚಿತಾ ಬಾಗಿಲು ತೆರೆದವಳು ಅರ್ಧ ತೆರೆದ ಬಾಗಿಲನ್ನು ಹಾಗೆಯೇ ಹಿಡಿದು ನಿಂತಳು. ತಾಯಿ ಸುಬ್ಬಲಕ್ಷ್ಮಿ ಆಸ್ಪತ್ರೆಯಲ್ಲಿದ್ದರು. ಬಟ್ಟೆಬರೆ ಒಯ್ಯಲೆಂದು ಮಗಳು ಮಧ್ಯಾಹ್ನ ಬಂದಿದ್ದಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

"ನೀವು ಬರಬಾರದಿತ್ತು ಟೀಚರೇ. ನಮ್ಮಪ್ಪ ಅಲ್ಲಿ ಹಾಗೆ ಬಿದ್ದಿದಾರೆ. ನಿಮ್ಮ ತಮ್ಮನ ಪರ ಮಾತಾಡೋಕೆ ಬಂದ್ರಾ?"

ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಗಂಗಾಶ್ರೀಗೆ ಮರೆತುಹೋದವು. ಅಪ್ಪನಿಗಾಗಿ ಕಣ್ಣೀರಿಡುವ ಹುಡುಗಿಯನ್ನು, ನೀನೇ ಬಾಣ ಬಿಟ್ಟೆಯಾ ಎಂದು ಕೇಳುವ ಬಾಯಿ ಯಾವುದು? ಆದರೆ ಕೇಳಲೇಬೇಕಿತ್ತು. ಈ ಹುಡುಗಿ ಅಪ್ಪನಿಗೆ ಗೊತ್ತಾಗದಂತೆ ತರಗತಿಗೆ ಬರುತ್ತಿದ್ದಳು. ಗೊತ್ತಾದ ದಿನ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಮಾದರಿಗೆಂದು ಮಹಾಂತೇಶ್ ಕೊಟ್ಟ ಅವನ ಬಳೆಯ ಬಾಣವೊಂದು ಅವಳ ಹತ್ತಿರವಿತ್ತು. ಎರಡನೇ ತರಗತಿಗೆ ಅವಳು ಬಂದಿರಲಿಲ್ಲ. ಮೂರೂ ಸೇರಿಸಿದರೆ ಪೊಲೀಸರಿಗೆ ಇನ್ನೇನು ಬೇಕು?

"ನಿನ್ನೆ ಬೆಳಗ್ಗೆ ಎಲ್ಲಿದ್ದೆ ಅರ್ಚಿತಾ?"

ಹುಡುಗಿಯ ಕಣ್ಣುಗಳು ಅಗಲವಾದವು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟಳು. ಅಪ್ಪ ಜಗಳಕ್ಕೆಂದು ಗೋಮಾಳಕ್ಕೆ ಹೊರಟಿದ್ದರಿಂದ ಅವರ ಬದಲು ಗುಡವಿಗೆ ಹೋಗಿ ಹಕ್ಕಿ ನೋಡುತ್ತಿದ್ದೆ, ಜೊತೆಗೆ ಯಾರೂ ಇರಲಿಲ್ಲ ಎಂದಳು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದೂ ಸೇರಿಸಿದಳು.

ಗಂಗಾಶ್ರೀ ಚೀಲದಿಂದ ಗರಿಗಳನ್ನು ತೆಗೆದು ಚಾಪೆಯ ಮೇಲೆ ಹರಡಿದಳು. ಬೇರೆ ದಾರಿ ಇರಲಿಲ್ಲ.

"ಒಂದು ಬಾಣಕ್ಕೆ ಆಗೋ ಮೂರು ಗರಿ ಆರಿಸು."

"ಈಗ? ಈ ಹೊತ್ತಲ್ಲಿ?"

"ಈಗಲೇ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಅರ್ಚಿತಾ ಸೆರಗಿನಂತೆ ಜಾರಿದ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೈ ಹಾಕಿದಳು. ಎಣಿಸಿ ನೋಡಲಿಲ್ಲ, ಬಾಗು ಹಿಡಿದು ಪರೀಕ್ಷಿಸಲಿಲ್ಲ. ಸೊಪ್ಪು ಸೋಸುವಂತೆ ಗರಿಗಳನ್ನು ಆ ಕಡೆಗೆ ಈ ಕಡೆಗೆ ಸರಿಸಿದಳು. ಎಡ ರೆಕ್ಕೆಯವು ಒಂದು ಗುಡ್ಡೆ, ಬಲ ರೆಕ್ಕೆಯವು ಇನ್ನೊಂದು ಗುಡ್ಡೆ. ಒಂದೂ ತಪ್ಪಿರಲಿಲ್ಲ.

"ಇದನ್ನ ನಿಂಗೆ ಯಾರು ಹೇಳಿಕೊಟ್ರು? ಆ ಪಾಠಕ್ಕೆ ನೀನು ಬಂದಿರಲಿಲ್ಲ."

"ಅಪ್ಪ," ಎಂದಳು ಅರ್ಚಿತಾ, ಮತ್ತೆ ಅಳು ಒತ್ತಿ ಬಂತು. "ಸಣ್ಣೋಳಿದ್ದಾಗ ಕೆರೆ ದಂಡೆಯಲ್ಲಿ ಕೂರಿಸ್ಕೊಂಡು ಹೇಳ್ತಿದ್ರು. ಬಿದ್ದ ಗರಿ ನೋಡಿದ್ರೆ ಹಕ್ಕಿ ಯಾವ ರೆಕ್ಕೆ ಬಿಚ್ಚಿ ಹೋಯ್ತು ಅಂತ ಗೊತ್ತಾಗ್ಬೇಕು, ಆದ್ರೆ ಗರಿ ಅಲ್ಲೇ ಬಿಡ್ಬೇಕು ಅಂತ."

ಗಂಗಾಶ್ರೀಗೆ ನಾಚಿಕೆಯಾಯಿತು. ಆ ನಾಚಿಕೆಯ ಬೆನ್ನಿಗೇ ದೊಡ್ಡ ಭಾರವೊಂದು ಇಳಿದಂತಾಯಿತು. ಹುಡುಗಿ ತಪ್ಪಿತಸ್ಥೆಯಲ್ಲ ಎಂಬುದು ಅವಳಿಗೂ ಬೇಕಾಗಿತ್ತು. ಅರ್ಚಿತಾ ಎದ್ದು ಹೋಗಿ ಅಟ್ಟದ ಮೇಲಿಂದ ತನ್ನ ಬಿದಿರ ಬಿಲ್ಲನ್ನೂ ಬಾಣಗಳನ್ನೂ ತಂದಳು. ಮಹಾಂತೇಶ್ ಕೊಟ್ಟ ಮಾದರಿ ಬಾಣವೂ ಅದರಲ್ಲಿತ್ತು. ಅದರ ಮೂರು ದಂಟಿನಲ್ಲೂ ಹಾಲಮ್ಮನ ಅರಿಶಿನ ಇತ್ತು.

ಹಾಗಾದರೆ ಯಾರು? ತರಗತಿಗೆ ಬರುತ್ತಿದ್ದವರನ್ನು ಗಂಗಾಶ್ರೀ ಮನಸ್ಸಿನಲ್ಲೇ ಸಾಲಾಗಿ ಕೂರಿಸಿ ನೋಡಿದಳು. ರಿಟೈರ್ಡ್ ಮೇಷ್ಟ್ರು ನಾಗರಾಜಪ್ಪ ಎರಡೂ ದಿನ ಇದ್ದರು, ಎಲ್ಲರಿಗಿಂತ ಮುಂಚೆ ಬಂದು ಕೂರುವ ಆಸಾಮಿ. ದೀಪಶ್ರೀ ಇದ್ದಳು. ಮಿಕ್ಕವರೂ ಇದ್ದರು. ಸಾಲಿನಲ್ಲಿ ಖಾಲಿ ಜಾಗ ಅರ್ಚಿತಾಳದ್ದೊಂದೇ.

"ಟೀಚರೇ, ಹಾಗೆ ತಪ್ಪು ಕಟ್ಟಿದ್ರೆ ಏನಾಗುತ್ತೆ?"

ಗಂಗಾಶ್ರೀ ಚಾಪೆಯಿಂದ ಒಂದು ಗರಿ ಎತ್ತಿಕೊಂಡಳು. ನೆಟ್ಟಗೆ ಹೋಗುವುದಿಲ್ಲ ಎಂದು ಪಾಠದಲ್ಲಿ ಹೇಳುತ್ತಿದ್ದಳು, ನಿಜ. ಆದರೆ ತಪ್ಪಾಗಿ ಕಟ್ಟಿದ ಬಾಣವನ್ನು ಬಿಟ್ಟು ನೋಡಿರಲಿಲ್ಲ. ಯಾರ ಕೈಯಲ್ಲಾದರೂ ಕಂಡರೆ ಆಗಲೇ ಗರಿ ಕಿತ್ತು ಸರಿ ಮಾಡಿಸುತ್ತಿದ್ದಳು.

ಹಿತ್ತಲಲ್ಲಿ ಹುಲ್ಲಿನ ಬಣವೆ ಇತ್ತು. ಅರ್ಚಿತಾ ಬಾಳೆಲೆಯ ಚೂರನ್ನು ಅದಕ್ಕೆ ಸಿಕ್ಕಿಸಿ ಬಂದಳು. ಗಂಗಾಶ್ರೀ ಒಂದು ಬಾಣದ ಗರಿಯನ್ನು ಕಿತ್ತು, ಆ ಜಾಗಕ್ಕೆ ಇನ್ನೊಂದು ರೆಕ್ಕೆಯದನ್ನು ತಕ್ಷಣ ಹಿಡಿಯುವ ಗಮ್ಮಿನಿಂದ ಅಂಟಿಸಿದಳು. ಮೊದಲು ಸರಿಯಾದ ಬಾಣವನ್ನು ಬಿಟ್ಟಳು. ಅದು ಸದ್ದಿಲ್ಲದೆ ಹೋಗಿ ಬಾಳೆಲೆಯಲ್ಲಿ ಕೂತಿತು.

ಆಮೇಲೆ ತಪ್ಪು ಬಾಣವನ್ನು ಹೂಡಿದಳು. ಅದೇ ನಿಲುವು, ಅದೇ ಗುರಿ. ಹೆದೆ ಬಿಟ್ಟ ಕ್ಷಣವೇ ಬಾಣ ಬಾಲ ಅಲ್ಲಾಡಿಸಿತು. ಸುಯ್ಯೆಂದು, ರಾಗಿ ಬೀಸುವ ಕಲ್ಲಿನಂತೆ ದನಿ ಎಳೆಯುತ್ತ ಹೋಗಿ, ಬಣವೆಯ ಪಕ್ಕಕ್ಕೆ ಸರಿದು, ಹಿಂದಿನ ಕೊಟ್ಟಿಗೆಯ ಮಣ್ಣುಗೋಡೆಗೆ ಚುಚ್ಚಿಕೊಂಡಿತು.

ಅರ್ಚಿತಾ ಅದನ್ನು ಕಿತ್ತು ತಂದಳು. ಗಂಗಾಶ್ರೀ ಇನ್ನೊಮ್ಮೆ ಬಿಟ್ಟಳು. ಮತ್ತೂ ಒಮ್ಮೆ ಬಿಟ್ಟಳು. ಪ್ರತಿ ಸಲವೂ ಅದೇ ದನಿ. ಪ್ರತಿ ಸಲವೂ ಬಾಣ ಬಣವೆಯನ್ನು ಬಿಟ್ಟು ಪಕ್ಕದಿಂದ ಹಾದು, ಅದರಾಚೆಯ ಗೋಡೆಗೆ ಹೋಗಿ ನಾಟುತ್ತಿತ್ತು.

ಕಿವಿ ಪಕ್ಕ ಏನೋ ಸುಯ್ಯಂತ ಹೋಯ್ತು.

ಗಂಗಾಶ್ರೀ ಬಿಲ್ಲು ಕೆಳಗಿಟ್ಟಳು. ನಿನ್ನೆ ಲಂಟಾನದ ಪೊದೆಗೆ ಹತ್ತಿರ ಇದ್ದವನು ಮಹಾಂತೇಶ್. ಅವನಾಚೆ, ಮುಂದೆ, ನಡೆದು ಹೋಗುತ್ತಿದ್ದವರು ವಿಘ್ನೇಶ್ವರ. ಪೊದೆಯಲ್ಲಿ ಕೂತವನಿಗೆ ಬಣವೆ ಮಹಾಂತೇಶ್, ಗೋಡೆ ವಿಘ್ನೇಶ್ವರ. ತಮ್ಮನ ಬೆನ್ನಿಗೆಂದು ಬಿಟ್ಟ ಬಾಣ ಅವನ ಕಿವಿಯ ಪಕ್ಕದಿಂದ ಕೂಗುತ್ತ ಹೋಗಿ, ಏನೂ ಅರಿಯದ ಮನುಷ್ಯನ ಬೆನ್ನು ಸೇರಿತ್ತು.

"ನಿಮ್ಮಪ್ಪನ ಮೇಲೆ ಯಾರಿಗೂ ದ್ವೇಷ ಇರಲಿಲ್ಲ ಅರ್ಚಿತಾ," ಎಂದಳು. ಅವಳ ದನಿ ಅವಳಿಗೇ ದೂರದಿಂದ ಬಂದಂತೆ ಕೇಳಿತು. "ಅದು ಮಹಾಂತೇಶನಿಗೆ ಬಿಟ್ಟಿದ್ದು."

ಹಾಗಿದ್ದರೆ ನಿನ್ನೆಯಿಂದ ತಮ್ಮನಿಗೆ ಈ ಲೋಕದಲ್ಲಿ ಅತ್ಯಂತ ಭದ್ರವಾದ ಜಾಗ ಆ ಠಾಣೆಯ ಬೆಂಚೇ ಆಗಿತ್ತು. ವಾದ ಮಾಡಿ, ಬೇಡಿಕೊಂಡು, ಅಲ್ಲಿಂದ ಅವನನ್ನು ಎಬ್ಬಿಸಿ ಕಳಿಸಿದವಳು ತಾನೇ. ಹೋಗಲಿ, ಮಲ್ಲಿ ಜೊತೆಗಿದ್ದಾನೆ ಎಂದು ಒಂದು ಗಳಿಗೆ ಸಮಾಧಾನ ತಂದುಕೊಂಡಳು.

ಕೊಟ್ಟಿಗೆಯ ಗೋಡೆಯಿಂದ ಬಾಣ ಕೀಳುತ್ತ ಅರ್ಚಿತಾ ಏನೋ ಗೊಣಗುತ್ತಿದ್ದಳು. ಎರಡನೇ ಪಾಠ ತಪ್ಪಿಸಿದ್ದಕ್ಕೆ ತನ್ನ ಮೇಲೆ ಅನುಮಾನ ಬಂದದ್ದು ಅವಳಿಗೆ ಇನ್ನೂ ನೋಯುತ್ತಿತ್ತು.

"ನಾನೇನು ಬೇಕಂತ ತಪ್ಪಿಸಿದ್ದಾ? ಶಿರಾಳಕೊಪ್ಪದ ಬಸ್ ಸ್ಟ್ಯಾಂಡಲ್ಲಿ ಕಾದು ಕಾದು ಸಾಕಾಗಿ ವಾಪಸ್ ಬಂದೆ ಮಾರಾಯ್ರೇ. ಕರ್ಕೊಂಡು ಹೋಗೋರೇ ಬರದಿದ್ರೆ ನಾನೇನು ಮಾಡ್ಲಿ?"

"ಯಾರು ಬರಲಿಲ್ಲ?"

"ಮಲ್ಲಿಕಾರ್ಜುನಣ್ಣ. ವ್ಯಾನಲ್ಲಿ ಅವರೇ ಅಲ್ವಾ ಕರ್ಕೊಂಡು ಬರ್ತಿದ್ದಿದ್ದು. ಆ ಭಾನುವಾರ ದಾವಣಗೆರೆಗೆ ಹೋಗಿದ್ರಂತೆ."

ಗಂಗಾಶ್ರೀ ಮನಸ್ಸಿನಲ್ಲಿ ಕೂರಿಸಿದ ಸಾಲನ್ನು ಮತ್ತೆ ನೋಡಿದಳು. ಸಾಲಿನಲ್ಲಿ ಮಲ್ಲಿಕಾರ್ಜುನ್ ಇರಲೇ ಇಲ್ಲ. ಅವನು ಕಲಿಯಲು ಬಂದವನಲ್ಲ; ಗಮ್ಮು ತರುವವನು, ಕಡ್ಡಿ ತರುವವನು, ಅಡುಗೆಮನೆಗೆ ಹೋಗಿ ತಾನೇ ನೀರು ಕುಡಿಯುವವನು. ಮೊದಲ ಭಾನುವಾರ ಬಾಗಿಲಿಗೆ ಒರಗಿ ಕೂತು, ಇಷ್ಟೇನಾ ಅಕ್ಕ ಎಂದು ನಕ್ಕು ಒಂದು ಗರಿ ಅಂಟಿಸಿಯೂ ತೋರಿಸಿದ್ದ. ಮಹಾಂತೇಶನ ಜೊತೆ ಹಿತ್ತಲಲ್ಲಿ ಬಿಲ್ಲು ಹಿಡಿಯುತ್ತಿದ್ದ. ಹೊರಗಿನವರನ್ನೆಲ್ಲ ಎಣಿಸಿ ನೋಡಿದವಳು ಮನೆಯವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ಮಹಾಂತೇಶಣ್ಣನ ಬಾಣ ಇನ್ನೊಂದು ಇತ್ತಲ್ಲ ಟೀಚರೇ," ಎಂದಳು ಅರ್ಚಿತಾ. ಈಗ ಅವಳ ದನಿಯೂ ತಗ್ಗಿತ್ತು. "ಒಂದು ಗರಿ ಮುರಿದಿದ್ದು. ಅದು ಆ ವ್ಯಾನಿನ ಹಿಂದಿನ ಸೀಟಲ್ಲೇ ಬಿದ್ದಿರ್ತಿತ್ತು."

ನಿಂಗೊಂದು ಮಾತು ಹೇಳಬೇಕು, ಈಗ ಬ್ಯಾಡ. ವ್ಯಾನಿನ ಕಡೆ ಹೋಗಿ ಬಂದ ತಮ್ಮನ ಆ ನೋಟ ಗಂಗಾಶ್ರೀಯ ಕಣ್ಣ ಮುಂದೆ ನಿಂತಿತು. ಮಲ್ಲಿಯ ಯಾವ ಗುಟ್ಟು ತಿಳಿದಿತ್ತು ಅವನಿಗೆ? ಅದನ್ನು ಕೇಳದೆ, ತೋಳನ ಕೈಗೆ ಕುರಿ ಕೊಟ್ಟು, ಮನೆ ಮುಟ್ಟಿಸು ಎಂದು ಹೇಳಿ ಕಳಿಸಿದ್ದಳು.

ತಮ್ಮನ ಫೋನು ಪೊಲೀಸರ ಹತ್ತಿರವೇ ಉಳಿದಿತ್ತು. ಮನೆಗೆ ಮಾಡಿದಳು. ಹಾಲಮ್ಮ ಮೊದಲ ಗಂಟೆಗೇ ಎತ್ತಿಕೊಂಡಳು. ಇನ್ನೂ ಬಂದಿಲ್ಲ, ರೊಟ್ಟಿ ಮಾಡಿ ಕಾಯುತ್ತಿದ್ದೇನೆ ಎಂದಳು. ಸೊರಬದಿಂದ ಶಿಕಾರಿಪುರಕ್ಕೆ ವ್ಯಾನು ಎಷ್ಟೋ ಹೊತ್ತಿನ ಹಿಂದೆಯೇ ಮುಟ್ಟಬೇಕಿತ್ತು.

ಗಂಗಾಶ್ರೀ ಅರ್ಚಿತಾಳ ಕೈಗೆ ಸಿದ್ಧಲಿಂಗೇಶರ ನಂಬರು ಕೊಟ್ಟು, ನಿನ್ನ ಫೋನಿನಿಂದ ಮಾಡು, ವ್ಯಾನು ಹುಡುಕಬೇಕು ಅಂತ ಹೇಳು ಎಂದಳು. ತಾನು ಮಲ್ಲಿಕಾರ್ಜುನನಿಗೆ ಮಾಡಿದಳು. ಏನೂ ಗೊತ್ತಿಲ್ಲದವಳಂತೆ ಮಾತಾಡಬೇಕು, ದನಿ ನಡುಗಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

"ಹೇಳಕ್ಕ." ಎಂದಿನ ಅದೇ ಆರಾಮದ ದನಿ.

"ಎಲ್ಲಿದೀರೋ ಮಲ್ಲಿ? ಅವ್ವ ಕಾಯ್ತಾಳೆ."

"ಇಲ್ಲೇ, ಗುಡವಿ ಕೆರೆ ಹತ್ರ. ಅವಂಗೆ ತಲಿ ಕೆಟ್ಟೋಗಿತ್ತು. ಸ್ವಲ್ಪ ಗಾಳಿಗೆ ಅಡ್ಡಾಡಲಿ ಅಂತ ಕರಕೊಂಡು ಬಂದೆ."

ಮನೆ ಇರುವುದು ಸೊರಬದಿಂದ ಮೂಡಣಕ್ಕೆ. ಗುಡವಿ ಪಡುವಣಕ್ಕೆ. ಫೋನಿನಲ್ಲಿ ಗೂಡಿಗೆ ಮರಳುವ ಹಕ್ಕಿಗಳ ಕಲರವ ಕೇಳುತ್ತಿತ್ತು. ಈ ಹೊತ್ತಿನಲ್ಲಿ ಅಲ್ಲಿ ಯಾರು ಕೂಗಿದರೂ ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

"ಫೋನು ಅವನ ಕೈಗೆ ಕೊಡು."

"ಅವ ದಂಡಿ ಮ್ಯಾಲೆ ಮುಂದೆ ಹೋಗ್ಯಾನಕ್ಕ. ಬೆನ್ನು ಈ ಕಡೆ ಐತಿ. ಕರೆದ್ರೂ ಕೇಳಂಗಿಲ್ಲ."

"ಮಲ್ಲಿ, ನಾನು ಹೇಳ್ತೀನಿ, ಅವನನ್ನ ಈಗಲೇ ಕರಿ."

ಹಕ್ಕಿಗಳ ಗಲಾಟೆಯ ನಡುವೆ ವ್ಯಾನಿನ ಬಾಗಿಲು ಎಳೆದ ಸದ್ದು ಕೇಳಿತು.

"ಠಾಣೆ ಮುಂದೆ ನೀ ಅವಂಗೆ ಹೇಳ್ತಿದ್ದೆಲ್ಲ, ಒಂದೇ ರೆಕ್ಕೀವು ಇರಬೇಕು ಅಂತ. ನಂಗೆ ಗೊತ್ತೇ ಇರಲಿಲ್ಲ ನೋಡು," ಎಂದ ಮಲ್ಲಿಕಾರ್ಜುನ್. "ಈಗ ನಿನ್ನ ಬಾಣದ ಕಟ್ಟು ಬಿಚ್ಚಿ ನೋಡಿದೆ ಅಕ್ಕ. ಎಲ್ಲಾ ಗರಿ ಒಂದೇ ಕಡಿ ಬಾಗ್ಯಾವು."

ಫೋನು ಕಟ್ಟಾಯಿತು.